ಹೋಗಿ ಬರ್ತೀನಿ

ಶಿಡ್ಲಘಟ್ಟಕ್ಕೆ ಬಂದ ಎರಡನೇ ದಿನವೇ, ಮನೆ ಹಿಂದಿನ ಮೋಟರ್ ಪೆಟ್ಟಿಗೆಯ ಬಾಗಿಲು ಎಳೆಯೋಕೆ ಹೋಗಿ ಬಲಗೈ ಹೆಬ್ಬೆರಳಿನ ಉಗುರು ಮುರಿದುಕೊಂಡೆ. ಬೇರೆಯವರಾದರೆ ಕತ್ತರಿಸಿ ಎಸೆದು ಮರೆತುಬಿಡುತ್ತಾರೆ. ನನಗೆ ಹಾಗಾಗುವುದಿಲ್ಲ. ನಾನು ಸ್ಪೇನ್ ದೇಶದ ಫ್ಲಮೆಂಕೊ ಸಂಗೀತದ ಗಿಟಾರ್ ನುಡಿಸುವವನು. ಬಲಗೈ ಉಗುರುಗಳೇ ನನ್ನ ಬಂಡವಾಳ.

ಉಗುರು ಹೋದರೆ ನಾವು ಮಾಡುವ ಉಪಾಯ ಒಂದಿದೆ. ತೆಳ್ಳಗಿನ ರೇಷ್ಮೆ ಬಟ್ಟೆಯ ಚೂರನ್ನು ಉಗುರಿನ ಮೇಲಿಟ್ಟು, ಫೆವಿಕ್ವಿಕ್‌ನಂಥ ಅಂಟು ಒಂದು ಹನಿ ಬಿಟ್ಟು, ಒಣಗಿದ ಮೇಲೆ ಉಜ್ಜಿ ನಯ ಮಾಡೋದು. ಜರ್ಮನಿಯಲ್ಲಿ ಈ ರೇಷ್ಮೆ ಚೂರುಗಳನ್ನು ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಕೊಳ್ಳುತ್ತೇನೆ. ಅದನ್ನು ಕೇಳಿ ಅಮ್ಮನಿಗೆ ನಿಜಕ್ಕೂ ಬೇಜಾರಾಯಿತು. "ನಿಮ್ಮಪ್ಪ 30 ವರ್ಷ ಗೂಡು ಬೇಯಿಸಿ ನೂಲು ತೆಗೆದ್ರು. ನೀನು ಅಲ್ಲಿ ದುಡ್ಡು ಕೊಟ್ಟು ರೇಷ್ಮೆ ತಗೊಳ್ತೀಯಾ?" ಅಂದಳು. ಟ್ರಂಕಿನಿಂದ ಹಳೇ ಸೀರೆ ತೆಗೆದಳು. ಎಲ್ಲಿ ಸವೆದು ತೆಳ್ಳಗಾಗಿದೆ ಅಂತ ಬೆಳಕಿಗೆ ಹಿಡಿದು ಹುಡುಕಿ, ಅಲ್ಲಿಂದ ಬೆರಳಗಲದ ತುಂಡುಗಳನ್ನು ಕತ್ತರಿಸಿ ಒಂದು ಡಬ್ಬಿಗೆ ಹಾಕಿ ಕೊಟ್ಟಳು. ಈಗ ನನ್ನ ಹೆಬ್ಬೆರಳ ಮೇಲಿರುವುದು ಅವಳ ಸೀರೆಯೇ.

ಊರಿಗೆ ಬಂದಾಗಲೆಲ್ಲ "ಅಲ್ಲಿ ಏನ್ ಕೆಲಸ?" ಅಂತ ಕೇಳುತ್ತಾರೆ. ಗಿಟಾರ್ ಪಾಠ ಹೇಳ್ತೀನಿ, ಕಾರ್ಯಕ್ರಮ ಕೊಡ್ತೀನಿ ಅಂದರೆ "ಅದು ಸರಿ, ಕೆಲಸ?" ಅಂತ ಮತ್ತೆ ಕೇಳುತ್ತಾರೆ. ತಪ್ಪೇನಿಲ್ಲ. ಗೂಡಿನ ಮಾರುಕಟ್ಟೆಯ ಊರು ಇದು, ಬೆಳಗ್ಗೆ ಎದ್ದರೆ ಹರಾಜು, ಸಂಜೆಗೆ ನೂಲು, ದುಡಿಮೆ ಅಂದರೆ ಕೈಗೆ ಸಿಗುವಂಥದ್ದು. ಹಾಗಾಗಿ ಈ ಸಲ ಕೂತು ಬರೆಯೋಣ ಅನ್ನಿಸಿತು.

2009ರಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಕೂಡಿಟ್ಟ ದುಡ್ಡು ತಗೊಂಡು ಸ್ಪೇನಿನ ಸೆವಿಯಾಕ್ಕೆ ಹೋದೆ. ಗ್ವಾದಲ್ಕಿವಿರ್ ನದಿಯ ಆಚೆ ದಡದಲ್ಲಿ ತ್ರಿಯಾನಾ ಅಂತ ಹಳೇ ಬಡಾವಣೆ ಇದೆ. ಕುಂಬಾರರು, ಕಮ್ಮಾರರು, ಹಿತಾನೋ ಜನ (ಸ್ಪೇನಿನ ರೊಮಾ ಸಮುದಾಯದವರು) ಇದ್ದ ಜಾಗ. ಅಲ್ಲಿ ನನ್ನ ಮೇಷ್ಟ್ರು ಸಿಕ್ಕರು. ಬೆರಳು ಚುರುಕಾಗಿದೆ, ಬೇಗ ಕಲಿತುಬಿಡ್ತೀನಿ ಅಂದುಕೊಂಡಿದ್ದೆ. ಅವರು ಗಿಟಾರ್ ಪೆಟ್ಟಿಗೆ ತೆರೆಯೋಕೇ ಬಿಡಲಿಲ್ಲ. ಆರು ವಾರ ಬರೀ ಚಪ್ಪಾಳೆ. ಪಾಲ್ಮಾಸ್ ಅನ್ನುತ್ತಾರೆ. ಬೆರಳುಗಳನ್ನು ಅಂಗೈಗೆ ಹೊಡೆದರೆ ಗಟ್ಟಿ ಸದ್ದು, ಎರಡೂ ಅಂಗೈ ಗುಳಿ ಮಾಡಿ ಹೊಡೆದರೆ ಮೆತ್ತನೆ ಸದ್ದು. ಹಾಡುವವರು ಹಾಡುವಾಗ ಮೆತ್ತನೆಯದು, ಕುಣಿತ ಕಾವೇರಿದಾಗ ಗಟ್ಟಿಯದು.

ಕೈ ಹೊಂದಿತು, ಲೆಕ್ಕ ಹೊಂದಲಿಲ್ಲ. ಸೊಲೆಯಾ, ಬುಲೆರಿಯಾ ಅನ್ನುವ ಫ್ಲಮೆಂಕೊ ಪ್ರಕಾರಗಳು ಎರಡೂ 12 ಎಣಿಕೆಯವು. ಒತ್ತು ಬೀಳೋದು 12, 3, 6, 8, 10ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ಇದನ್ನು ಕಂಪಾಸ್ ಅನ್ನುತ್ತಾರೆ. ಕಾಗದದ ಮೇಲೆ ಸುಲಭ. ಆದರೆ ನಾನು ಭಜನೆ, ಕಛೇರಿ ಕೇಳಿ ಬೆಳೆದವನು. ನಮ್ಮ ತಾಳ ಸುತ್ತು ಹಾಕಿ ಸಮಕ್ಕೆ ಬಂದು ಕೂರುತ್ತದೆ, ಮುಕ್ತಾಯ ಅಂದರೆ ಮತ್ತೆ ಶುರುವಿನ ಜಾಗಕ್ಕೆ ಬರೋದು. ಅಲ್ಲಿ ಹಾಗಲ್ಲ. ಮಾತು 10ರ ಮೇಲೇ ಮುಗಿದುಹೋಗುತ್ತದೆ. 11, 12 ಉಸಿರಿಗೆ. ನಾನು ಪ್ರತಿ ಸಲ ಇನ್ನೂ ಬರುತ್ತೆ ಅಂತ ಕಾಯುತ್ತಾ ಕೂತಿರುತ್ತಿದ್ದೆ, ಅಷ್ಟರಲ್ಲಿ ಎಲ್ಲರೂ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಮೇಷ್ಟ್ರು ಬೈಯಲಿಲ್ಲ. "ಎಣಿಸಬೇಡ, ಕೇಳು" ಅಂದರು. ಇಷ್ಟು ವರ್ಷ ಆದಮೇಲೂ ನನಗೆ ಯಾರಾದರೂ ಕೊಟ್ಟ ದೊಡ್ಡ ಪಾಠ ಇದೇ.

ಫ್ಲಮೆಂಕೊ ಗಿಟಾರಿಗೆ ಒಂದು ಹಳೇ ಕ್ರಮ ಇದೆ. ಮೊದಲು ಕುಣಿತಕ್ಕೆ ನುಡಿಸಬೇಕು, ಆಮೇಲೆ ಹಾಡಿಗೆ, ಕೊನೆಗೆ ಒಬ್ಬನೇ. ನಾನು ಎರಡು ವರ್ಷ ಡಾನ್ಸ್ ಕ್ಲಾಸಿನ ಮೂಲೆಯಲ್ಲಿ ಮರದ ಕುರ್ಚಿ ಮೇಲೆ ಕೂತು, ಕಾಲುಗಳನ್ನೇ ನೋಡುತ್ತಾ ನುಡಿಸಿದೆ. ಹಿಮ್ಮಡಿ ಯಾವಾಗ ನೆಲಕ್ಕೆ ಬೀಳುತ್ತೆ ಅಂತ ಮೊಣಕಾಲು ಮೊದಲೇ ಹೇಳುತ್ತದೆ.

ಆ ಕುರ್ಚಿಯೇ ನನ್ನನ್ನು ಜರ್ಮನಿಯ ಕಲೋನ್‌ಗೆ ಕರೆದುಕೊಂಡು ಹೋಯಿತು. ಅಲ್ಲಿನ ಒಂದು ಡಾನ್ಸ್ ಶಾಲೆಗೆ ಗಿಟಾರ್ ನುಡಿಸುವವರು ಬೇಕಿತ್ತು. 2012ರಿಂದ ಅಲ್ಲೇ ಇದ್ದೇನೆ. ವಾರದಲ್ಲಿ ಮೂರು ದಿನ ಮನೆಯಲ್ಲಿ ಪಾಠ, ಗುರುವಾರ ಡಾನ್ಸ್ ಕ್ಲಾಸಿಗೆ ನುಡಿಸೋದು, ಶನಿವಾರ ಎಲ್ಲಾದರೂ ಕಾರ್ಯಕ್ರಮ. ಜುಲೈ, ಆಗಸ್ಟ್‌ನಲ್ಲಿ ಎಲ್ಲರೂ ರಜೆಗೆ ಹೋಗುತ್ತಾರೆ, ಆಗ ಕೈಯಲ್ಲಿ ದುಡ್ಡಿರಲ್ಲ. ಆ ದೇಶದಲ್ಲಿ ಒಂದು ಒಳ್ಳೇ ವ್ಯವಸ್ಥೆ ಇದೆ. 1983ರಿಂದ ಕಲಾವಿದರಿಗೆ ಅಂತಲೇ ಒಂದು ಸಾಮಾಜಿಕ ವಿಮೆ ನಡೆಸುತ್ತಿದ್ದಾರೆ. ಆರೋಗ್ಯ ವಿಮೆ ಮತ್ತು ಪಿಂಚಣಿಯ ಕಂತಿನಲ್ಲಿ ಸುಮಾರು ಅರ್ಧ ಮಾತ್ರ ನಾವು ಕಟ್ಟಬೇಕು, ಉಳಿದದ್ದನ್ನು ಸರ್ಕಾರ ಮತ್ತು ಕಲಾವಿದರಿಗೆ ಕೆಲಸ ಕೊಡುವ ಸಂಸ್ಥೆಗಳು ಕಟ್ಟುತ್ತವೆ. ನನ್ನಂಥವನು ಅಲ್ಲಿ ಉಳಿದಿರೋದು ಇದರಿಂದಲೇ. ಒಬ್ಬ ಆಯೋಜಕರು ನಾಲ್ಕು ಕಾರ್ಯಕ್ರಮ ಮಾಡಿಸಿಕೊಂಡು ದುಡ್ಡು ಕೊಡದೇ ಫೋನ್ ಎತ್ತೋದು ಬಿಟ್ಟ ವರ್ಷ, ಆಸ್ಪತ್ರೆ ಖರ್ಚಿಗಾದರೂ ಭಯ ಇರಲಿಲ್ಲ.

ಚಳಿಗಾಲ ಕಷ್ಟ. ನನಗಿಂತ ಜಾಸ್ತಿ ಗಿಟಾರಿಗೆ. ಅದರ ಹಿಂಭಾಗ, ಪಕ್ಕ ಎಲ್ಲ ಸೈಪ್ರೆಸ್ ಮರದ್ದು, ಹಗುರ, ತೆಳ್ಳಗೆ. ಆ ಖಡಕ್ ಸದ್ದು ಬರೋದು ಅದರಿಂದಲೇ. ಹೀಟರ್ ಹಾಕಿದರೆ ಕೋಣೆಯ ಗಾಳಿ ಒಣಗಿ ಮರ ಸೀಳುತ್ತದೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು ಪೆಟ್ಟಿಗೆಯೊಳಗೆ ಹಾಕುತ್ತೇನೆ.

ವಿದ್ಯಾರ್ಥಿಗಳು ಬರುವಾಗ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡೇ ಬರುತ್ತಾರೆ. "ಈ ಭಾಗ ಕಲಿಸಿ" ಅನ್ನುತ್ತಾರೆ. ಅದು ಯಾವಾಗಲೂ ವೇಗದ ಭಾಗವೇ ಆಗಿರುತ್ತದೆ. ನಾನು ಗಿಟಾರ್ ಗೋಡೆಗೆ ಒರಗಿಸಿ ಇಡೋಕೆ ಹೇಳಿ ಚಪ್ಪಾಳೆ ಶುರು ಮಾಡಿಸುತ್ತೇನೆ. ಕೆಲವರು ಎರಡನೇ ವಾರಕ್ಕೆ ಬರೋದು ನಿಲ್ಲಿಸುತ್ತಾರೆ. ಬೇಸರ ಆಗುತ್ತೆ, ಬಾಡಿಗೆ ದಿನ ಹತ್ತಿರ ಬಂದಾಗ ಇನ್ನೂ ಜಾಸ್ತಿ. ಆದರೂ ಬದಲಾಯಿಸಲ್ಲ. ಟ್ರಾಮ್ ಓಡಿಸುವ ಒಬ್ಬ ಹೆಂಗಸು ನನ್ನ ಹತ್ತಿರ ಕಲಿಯುತ್ತಾರೆ. ಒಂದು ವರ್ಷ ಬುಲೆರಿಯಾ ಸಿಗಲೇ ಇಲ್ಲ ಅವರಿಗೆ. ಒಂದು ದಿನ ಬಂದವರೇ ಕೋಟು ಕೂಡ ತೆಗೆಯದೆ ಬಾಗಿಲಲ್ಲೇ ನಿಂತು ಚಪ್ಪಾಳೆ ಹಾಕಿ ಸರಿಯಾಗಿ 10ರ ಮೇಲೆ ನಿಲ್ಲಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಬಂತು.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. 1960ರಲ್ಲಿ ಜರ್ಮನಿ ಮತ್ತು ಸ್ಪೇನ್ ನಡುವೆ ಒಂದು ಒಪ್ಪಂದ ಆಯಿತು. ಆಮೇಲೆ ದಕ್ಷಿಣ ಸ್ಪೇನಿನ ಆಂದಲೂಸಿಯಾದಂಥ ಬಡ ಪ್ರದೇಶಗಳಿಂದ ಸಾವಿರಾರು ಜನ ಕಾರ್ಖಾನೆ ಕೆಲಸಕ್ಕೆ ಬಂದರು. ಹಾಗೆ ಬಂದಿದ್ದ ಒಬ್ಬ ಮುದುಕರು ನಮ್ಮ ಶನಿವಾರದ ಕಾರ್ಯಕ್ರಮಕ್ಕೆ ಬಂದು ಮೂಲೆಯಲ್ಲಿ ಸುಮ್ನೆ ಕೂರುತ್ತಿದ್ದರು. ಒಂದು ರಾತ್ರಿ ಎಲ್ಲರೂ ಹೋದ ಮೇಲೆ ಹತ್ತಿರ ಬಂದು, ಉವೆಲ್ವಾ ಕಡೆಯ ಫಾಂದಾಂಗೋ ಹಾಡು ಬರುತ್ತಾ ಅಂತ ಕೇಳಿದರು. ನಾನು ಸೆಹಿಯಾವನ್ನು, ಅದೇ ಶ್ರುತಿ ಏರಿಸೋಕೆ ಗಿಟಾರಿನ ಕೊರಳಿಗೆ ಕಟ್ಟುವ ಕ್ಲಿಪ್ಪನ್ನು, ಎರಡನೇ ಮನೆಗೆ ಹಾಕಿದೆ. ಅವರು ತಲೆ ಅಲ್ಲಾಡಿಸಿ ಐದು ಬೆರಳು ತೋರಿಸಿದರು. ಆ ವಯಸ್ಸಿಗೆ ಐದು ತುಂಬಾ ಎತ್ತರ. ಸ್ವರ ಒಡೆಯಿತು. ಒಡೆದ ಸ್ವರದಲ್ಲೇ ಮುಂದೆ ಹೋದರು, ನಾನು ಅವರ ಉಸಿರು ನೋಡಿಕೊಂಡು ಹಿಂದೆ ಹೋದೆ. ಹಾಡು ಮುಗಿದ ಮೇಲೆ ನನ್ನೂರು ಯಾವುದು ಅಂತ ಕೇಳಿದರು. ಹೇಳಿದೆ. "ಎಷ್ಟು ವರ್ಷಕ್ಕೆ ಅಂತ ಬಂದೆ?" ಅಂದರು. ನಾನು ಎರಡು ಅಂದೆ. "ನಾನೂ ಎರಡೇ ಅಂದುಕೊಂಡಿದ್ದೆ" ಅಂದರು.

ಫ್ಲಮೆಂಕೊದಲ್ಲಿ ಒಂದು ಗುಂಪಿನ ಹಾಡುಗಳಿಗೆ 'ಇದಾ ಇ ವುವೆಲ್ತಾ' ಅಂತ ಹೆಸರು. ಗ್ವಾಹಿರಾ, ರುಂಬಾ, ಮಿಲೋಂಗಾ, ವಿದಲೀತಾ ಎಲ್ಲ ಇದರಲ್ಲಿ ಬರುತ್ತವೆ. ಕ್ಯೂಬಾಗೋ ಅರ್ಜೆಂಟೀನಾಗೋ ಹೋದ ಜನರ ಜೊತೆ ಹೋಗಿ, ಅಲ್ಲಿಯ ಗಾಳಿ ಹತ್ತಿಸಿಕೊಂಡು ವಾಪಸ್ ಬಂದ ಹಾಡುಗಳು ಅಂತ ಅರ್ಥ. ಮೇಷ್ಟ್ರು ಇದನ್ನು ವಿವರಿಸಿದಾಗ ನನಗೆ ತಕ್ಷಣ ಕನ್ನಡ ನೆನಪಾಯಿತು. ಮನೆ ಬಿಡುವಾಗ ನಾವು ಯಾರಾದರೂ "ಹೋಗ್ತೀನಿ" ಅಂತೀವಾ? "ಹೋಗಿ ಬರ್ತೀನಿ" ಅಂತಲೇ ಅಲ್ವಾ ಹೇಳೋದು. ಬಾಯಿ ತಪ್ಪಿ ಹೋಗ್ತೀನಿ ಅಂದರೆ ಅಮ್ಮ ಈಗಲೂ ಗದರುತ್ತಾಳೆ.

ಹೋದವರು, ಬಂದವರು, ಬರದೇ ಇದ್ದವರು ಈ ಸಂಗೀತದಲ್ಲಿ ತುಂಬಾ ಜನ. ಗಾಯಕ ಸಿಲ್ವೇರಿಯೋ ಫ್ರಾಂಕೊನೆತ್ತಿ 19ನೇ ಶತಮಾನದಲ್ಲಿ ಉರುಗ್ವೆ ಕಡೆ ಹೋಗಿ, ವರ್ಷಗಟ್ಟಲೆ ಇದ್ದು, ವಾಪಸ್ ಬಂದು ಸೆವಿಯಾದಲ್ಲಿ ಹಾಡಿನ ಕೆಫೆ ನಡೆಸಿದರು. ಗಿಟಾರ್ ವಾದಕ ಸಬೀಕಾಸ್ ಹುಟ್ಟಿದ್ದು 1912ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ. 1936ರ ಅಂತರ್ಯುದ್ಧದಲ್ಲಿ ದೇಶ ಬಿಟ್ಟರು, ಬಾಳಿದ್ದು ನ್ಯೂಯಾರ್ಕಿನಲ್ಲಿ, ತೀರಿಕೊಂಡಿದ್ದೂ ಅಲ್ಲೇ, 1990ರಲ್ಲಿ. ಮುಂದೆ ಹೆಸರಾಂತ ಗಿಟಾರ್ ವಾದಕರಾದ ಪಾಕೊ ದೆ ಲೂಸಿಯಾ ಚಿಕ್ಕ ಹುಡುಗನಾಗಿ ಅಮೆರಿಕಕ್ಕೆ ಬಂದು ನುಡಿಸಿದಾಗ, ಬೇರೆಯವರದ್ದು ಬಿಟ್ಟು ನಿನ್ನದೇ ಕಟ್ಟು ಅಂತ ಹೇಳಿದವರು ಅವರು. ಆ ಪಾಕೊ ಮುಂದೆ 1977ರಲ್ಲಿ ಪೆರುವಿನಲ್ಲಿ ಕಹೋನ್ ಅನ್ನುವ ಮರದ ಪೆಟ್ಟಿಗೆ ವಾದ್ಯ ಕಂಡು ಜೊತೆಗೆ ತಂದರು. ಈಗ ಅದಿಲ್ಲದ ಫ್ಲಮೆಂಕೊ ವೇದಿಕೆ ಕಾಣೋದೇ ಅಪರೂಪ. ಪಾಕೊ ತೀರಿಕೊಂಡಿದ್ದು 2014ರಲ್ಲಿ, ಮೆಕ್ಸಿಕೋದಲ್ಲಿ.

ಭಾರತದವನು ಅಂದ ಕೂಡಲೇ ನನಗೆ ಎಲ್ಲ ಕಡೆ ಒಂದೇ ಮಾತು ಹೇಳುತ್ತಾರೆ. "ಇದು ನಿಮ್ಮಿಂದಲೇ ಬಂದದ್ದಲ್ವಾ?" ಒಂದು ಕಾರ್ಯಕ್ರಮದ ಪೋಸ್ಟರಿನಲ್ಲಿ 'ಫ್ಲಮೆಂಕೊದ ಭಾರತೀಯ ಬೇರು' ಅಂತಲೇ ಹಾಕಿದ್ದರು. ನಾನು ತೆಗೆಸಿದೆ. ಹಿತಾನೋ ಜನರ ಪೂರ್ವಿಕರು ಉತ್ತರ ಭಾರತದಿಂದ ಹೊರಟವರು ಅನ್ನೋದು ನಿಜ, ರೊಮಾನಿ ಭಾಷೆಯೇ ಅದಕ್ಕೆ ಸಾಕ್ಷಿ. ಆದರೆ ಅವರು ಸ್ಪೇನ್ ಮುಟ್ಟಿದ್ದು 15ನೇ ಶತಮಾನದಲ್ಲಿ. 1749ರಲ್ಲಿ ಅಲ್ಲಿನ ರಾಜನ ಆಜ್ಞೆಯಂತೆ ಸಾವಿರಾರು ಹಿತಾನೋ ಜನರನ್ನು, ಹೆಂಗಸರು ಮಕ್ಕಳು ಅನ್ನದೆ, ಹಿಡಿದು ಸೆರೆಗೆ ಹಾಕಿದರು. ಆಂದಲೂಸಿಯಾದ ಆ ಬದುಕಿನಲ್ಲಿ, ಅಲ್ಲಿನ ಬಡವರ ಜೊತೆ ಸೇರಿ ಕಟ್ಟಿದ ಸಂಗೀತ ಇದು. ಶಿಡ್ಲಘಟ್ಟದಲ್ಲಿ ಹುಟ್ಟಿದ್ದಕ್ಕೆ ನನಗೆ ಅದರಲ್ಲಿ ಪಾಲು ಬರಲ್ಲ. ಕಲಿತಷ್ಟು ಮಾತ್ರ ನನ್ನದು.

2010ರಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾನು ಸೆವಿಯಾದಲ್ಲಿದ್ದೆ. ಮೇಷ್ಟ್ರಿಗೆ ಸಂತೋಷ ಆಯಿತು. ಆದರೆ ಅವರು ಮಾತಾಡಿದ್ದು ಪಕ್ಕದ ಬೀದಿಗಳ ಬಗ್ಗೆ, ಯಾವ ಮನೆಯಲ್ಲಿ ಯಾರು ಹಾಡುತ್ತಿದ್ದರು, ಯಾರ ಅಜ್ಜಿಗೆ ಯಾವ ಸೊಲೆಯಾ ಬರುತ್ತಿತ್ತು ಅಂತ. ಒಂದೊಂದು ಮನೆಯ ಹೆಸರು ಹೇಳಿದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಲ್ಲಿ ತಮಟೆ ಬಡಿಯುವ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಪ್ರತಿ ಜಾತ್ರೆಗೆ, ಪ್ರತಿ ಸಾವಿಗೆ ಅವರ ತಮಟೆ ಕೇಳಿದ್ದೇನೆ. ಅವರು ಹೊರಗೇ ನಿಂತು, ಹೊರಗೇ ಊಟ ಮಾಡಿ ಹೋಗೋದನ್ನೂ ನೋಡಿದ್ದೇನೆ. 2023ರಲ್ಲಿ ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಕಲೋನ್‌ನಲ್ಲಿ ಆ ಸುದ್ದಿ ಓದಿ ಅತ್ತೆ. ಈ ಸಲ ಊರಿಗೆ ಬಂದಾಗ ಸುಮ್ಮನಿರಬಾರದು ಅಂತ ಆವತ್ತೇ ಅಂದುಕೊಂಡೆ.

ಹೋದ ವಾರ ಪಕ್ಕದ ಹಳ್ಳಿಯ ಒಬ್ಬ ಹಿರಿಯ ತಮಟೆ ಕಲಾವಿದರ ಮನೆಗೆ ಹೋದೆ. "ಬನ್ನಿ ಸಾಮಿ" ಅಂತ ಎದ್ದು ನಿಂತರು. ತಾತ, ಹಾಗನ್ನಬೇಡಿ, ಹೆಸರು ಹಿಡಿದು ಕರೀರಿ ಅಂದೆ. ಅದು ಅವರಿಗೆ ಆಗಲಿಲ್ಲ. ಅಪ್ಪ ನೂಲು ತೆಗೆಯುವ ರೀಲರ್ ಆಗಿದ್ದರಿಂದ ಕೊನೆಗೆ "ರೀಲರ್ ಮಗ" ಅಂತ ಕರೆದರು, ನನಗೆ ಅದು ಸಾಕು. ಏನು ನುಡಿಸ್ತೀಯ ತೋರಿಸು ಅಂದರು. ಗಿಟಾರ್ ತಂದಿರಲಿಲ್ಲ. ಜಗುಲಿ ಮೇಲೆ ಕೂತು ಬುಲೆರಿಯಾ ಚಪ್ಪಾಳೆ ಹಾಕಿದೆ. ಮೊದಲ ಸುತ್ತು ಕಣ್ಣು ಮುಚ್ಚಿ ಕೇಳಿದರು. ಎರಡನೆಯದಕ್ಕೆ ತಲೆ ಆಡಿಸಿದರು. ನಾಲ್ಕನೆಯದಕ್ಕೆ ಸರಿಯಾಗಿ 10ರ ಮೇಲೆ ತೊಡೆಗೆ ಒಂದೇ ಒಂದು ಏಟು ಹೊಡೆದು, "ಇಲ್ಲಿ ನಿಂತ್ಕೊಂತದೆ, ಅಲ್ವಾ?" ಅಂದರು. ಎಣಿಸಲೇ ಇಲ್ಲ ಅವರು.

ನನಗೆ ತಮಟೆ ಹೇಳಿಕೊಡ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಬೆಳಗ್ಗೆ ಬಾ. ಮೊದ್ಲು ಕಾಯ್ಸೋದು ಕಲಿ" ಅಂದರು.

ನಾಲ್ಕು ದಿನದಿಂದ ಹೋಗುತ್ತಿದ್ದೇನೆ. ಒಣ ಹುಲ್ಲಿಗೆ ಬೆಂಕಿ ಹಾಕಿ, ಚರ್ಮ ಸುಡದ ಹಾಗೆ ತಮಟೆ ತಿರುಗಿಸುತ್ತಾ ಇರಬೇಕು. ಬಿಗಿ ಬಂತಾ ಅಂತ ಬೆರಳಿಂದ ತಟ್ಟಿ ಕೇಳಬೇಕು. ನಾನು ಆಯಿತು ಅಂದಾಗಲೆಲ್ಲ ಅವರು ಇನ್ನೂ ಇಲ್ಲ ಅನ್ನುತ್ತಾರೆ. ಕೋಲು ಇನ್ನೂ ಕೈಗೆ ಕೊಟ್ಟಿಲ್ಲ. ಮಂಗಳವಾರ ದೇವನಹಳ್ಳಿಯಿಂದ ನನ್ನ ವಿಮಾನ. ಗುರುವಾರ ಡಾನ್ಸ್ ಕ್ಲಾಸ್ ಇದೆ, ಈ ಸಲ ಗ್ವಾಹಿರಾ ಶುರು ಮಾಡಬೇಕು. ಅದನ್ನು ಅವರಿಗೆ ಹೇಳಿ, ಜನವರಿಯಲ್ಲಿ ಮತ್ತೆ ಬರ್ತೀನಿ ತಾತ ಅಂದೆ. "ಬಾ, ಹುಲ್ಲು ಇಟ್ಟಿರ್ತೀನಿ" ಅಂದರು.