ಬನಶಂಕರಿಯ ರೊಟ್ಟಿ ಬುಟ್ಟಿ

22 ನವೆಂಬರ್ 2024, ಶುಕ್ರವಾರ
ಬಾಗಲಕೋಟೆ, ರಾತ್ರಿ ಹತ್ತೂವರೆ

ಕೈಯಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ.

ಇಲ್ಲಿಗೆ ವರ್ಗವಾಗಿ ಬಂದು ಐದು ತಿಂಗಳಾಯ್ತು. ನಾನು ಮಂಡ್ಯದ ಕಡೆಯವಳು, ಮುದ್ದೆ ಸೊಪ್ಪಿನ ಸಾರಲ್ಲಿ ಬೆಳೆದವಳು. ಜೋಳದ ರೊಟ್ಟಿಯನ್ನು ಖಾನಾವಳಿಯಲ್ಲಿ ಬೇಕಾದಷ್ಟು ಸಲ ತಿಂದಿದ್ದೇನೆ. ಆದರೆ ನಮ್ಮ ಮನೆ ಮಾಲೀಕರ ಹೆಂಡತಿಗೆ ಅದು ಲೆಕ್ಕಕ್ಕೇ ಇಲ್ಲ. ಅವರನ್ನು ನಾನು ಅಕ್ಕಾ ಅಂತೇನೆ. "ಬನಶಂಕರಿಗೆ ಹೋಗಿ ಬುಟ್ಟಿ ರೊಟ್ಟಿ ಉಂಡಿಲ್ಲಂದ್ರ ನೀ ಇನ್ನೂ ನಮ್ಮ ಕಡೆ ಬಂದಂಗ ಅಲ್ಲ ನೋಡವಾ" ಅಂತ ಬಂದಾಗಿನಿಂದ ಹೇಳ್ತಾನೇ ಇದ್ದರು. ಬನಶಂಕರಿ ಅವರ ಮನೆದೇವರು. ಈ ಶುಕ್ರವಾರ ಹೊರಟಿದ್ದರು. ನಾನೂ ಒಂದು ದಿನ ರಜೆ ಹಾಕಿದೆ.

ಬಾದಾಮಿಯಲ್ಲಿ ಇಳಿದು ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ತಿಂದೆವು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ, ಸಾಂಬಾರು ತಣ್ಣಗಿತ್ತು. ಅಲ್ಲಿಂದ ಗುಡಿಗೆ ಐದು ಕಿಲೋಮೀಟರ್. ಟಂಟಂ ಆಟೋದಲ್ಲಿ ಎಂಟು ಜನ, ಜೊತೆಗೆ ಒಂದು ಚೀಲ ಬಾಳೆಹಣ್ಣು. ಚೀಲ ನನ್ನ ತೊಡೆ ಮೇಲೆ.

ದರ್ಶನ ಬೇಗ ಆಯ್ತು. ಕಪ್ಪು ಕಲ್ಲಿನ ದೇವಿ, ಎಂಟು ಕೈ, ಸಿಂಹದ ಮೇಲೆ ಕೂತಿದ್ದಾಳೆ. ಇವಳೇ ಶಾಕಾಂಬರಿ. ಮಳೆ ಹೋಗಿ ಭೂಮಿಯೆಲ್ಲ ಒಣಗಿದಾಗ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಕೊಟ್ಟು ಜನರನ್ನು ಸಾಕಿದಳು ಅಂತ ಕಥೆ. ಬಾದಾಮಿ ಚಾಲುಕ್ಯರ ಕುಲದೇವತೆಯೂ ಇವಳೇ. ಈಗಿರುವ ಗುಡಿ ಮಾತ್ರ 18ನೇ ಶತಮಾನದ್ದು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಇಲ್ಲಿ ತೇರು ಎಳೆಯುತ್ತಾರೆ. ಅದರ ಹಿಂದಿನ ದಿನ ಪಲ್ಲೇದ ಹಬ್ಬ. ಅವತ್ತು ದೇವಿಗೆ 108 ತರಹದ ಪಲ್ಯದ ನೈವೇದ್ಯ. 108 ತರಹದ ತರಕಾರಿ ಎಲ್ಲಿವೆ ಅಂತ ಬಸ್ಸಿನಲ್ಲೇ ಕೇಳಿದ್ದೆ. ಅಕ್ಕ ಬೆರಳು ಮಡಚುತ್ತಾ ಎಣಿಸಿ 43ಕ್ಕೆ ನಿಂತರು. ಆಮೇಲೆ ಕೆರೂರು ಬಂತು, ಮಾತು ಬದಲಾಯ್ತು.

ಗುಡಿಯಿಂದ ಹೊರಗೆ ಬಂದರೆ ಸಾಲಾಗಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. "ಬರ್ರೀ ಅಕ್ಕಾರ, ರೊಟ್ಟಿ ಉಣ್ಣಾಕ ಬರ್ರೀ" ಅಂತ ಎಲ್ಲ ಕಡೆಯಿಂದ ಕರೀತಾರೆ. ನಾನು ಮೊದಲ ಬುಟ್ಟಿ ಮುಂದೇ ನಿಂತುಬಿಟ್ಟೆ. ಅಕ್ಕ ಕೈ ಹಿಡಿದು ಎಳೆದುಕೊಂಡು ಹೋದರು. ಅವರಿಗೆ ಅವರದ್ದೇ ಒಂದು ಬುಟ್ಟಿ ಇದೆಯಂತೆ. ಅಕ್ಕನ ಅತ್ತೆ ಈ ಹೆಂಗಸಿನ ಅತ್ತೆ ಹತ್ತಿರ ಉಣ್ಣುತ್ತಿದ್ದರಂತೆ. ಡಾಕ್ಟರನ್ನು ಬದಲಾಯಿಸಿದರೂ ಬುಟ್ಟಿ ಬದಲಾಯಿಸಲ್ಲ ಇವರು.

"ಭಾಳ ದಿನಾ ಆತಲ್ರೀ ಅಕ್ಕಾರ" ಅಂತ ಆ ತಾಯಿ ಬುಟ್ಟಿ ಎತ್ತಿಕೊಂಡು ನಮ್ಮ ಹಿಂದೆಯೇ ಬಂದರು. ಹರಿದ್ರಾ ತೀರ್ಥದ ಸುತ್ತ ಕಲ್ಲಿನ ಮಂಟಪ ಇದೆ. ಅದರ ನೆರಳಲ್ಲಿ ಕೂತೆವು. ಬುಟ್ಟಿಯ ಮೇಲೆ ಹಳೇ ಇಳಕಲ್ ಸೀರೆಯ ತುಂಡು ಮುಚ್ಚಿತ್ತು. ಅದನ್ನು ತೆಗೆದರೆ ಒಂದು ಕಡೆ ಬಿಳಿ ರೊಟ್ಟಿ, ಇನ್ನೊಂದು ಕಡೆ ಕಡಕ್ ರೊಟ್ಟಿ. ನಡುವೆ ಮುಚ್ಚಳದ ಡಬ್ಬಿಗಳು.

ತಟ್ಟೆ ಕೊಡ್ತಾರೆ ಅಂತ ನಾನು ಕಾಯುತ್ತಿದ್ದೆ. "ಅಂಗೈ ಚಾಚು ಯವ್ವಾ" ಅಂದರು. ಚಾಚಿದ್ದಕ್ಕೆ ಎಡಗೈ ಮೇಲೆ ರೊಟ್ಟಿ ಬಿತ್ತು. ರೊಟ್ಟಿ ಮೇಲೆ ಬದನೆಕಾಯಿ ಎಣಗಾಯಿ, ಪಕ್ಕಕ್ಕೆ ಮಡಕಿ ಕಾಳಿನ ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ (ಅಂದರೆ ಕಡಲೆಕಾಯಿ ಚಟ್ನಿಪುಡಿ), ತುದಿಗೆ ಕೆಂಪು ಚಟ್ನಿ. ತಟ್ಟೆಯೂ ಅದೇ, ಊಟವೂ ಅದೇ. ಇದರಲ್ಲಿ ಒಂದು ತೊಂದರೆ ಇದೆ. ತಿಂದ ಹಾಗೆಲ್ಲ ತಟ್ಟೆ ಸಣ್ಣದಾಗುತ್ತೆ! ನಾನು ಕೈಗೆ ಸಿಕ್ಕ ಕಡೆಯಿಂದ ಮುರಿದೆ. ನಾಲ್ಕನೇ ತುತ್ತಿಗೆ ಎಣಗಾಯಿಯ ಎಣ್ಣೆ ಮಣಿಕಟ್ಟು ದಾಟಿ ಮೊಣಕೈಗೆ ಬಂತು. ಅಕ್ಕನ ಕೈ ನೋಡಿದೆ. ಒಂದು ಹನಿ ಇಲ್ಲ. ಪಲ್ಯವನ್ನೆಲ್ಲ ನಡುವಿಗೆ ಸರಿಸಿಕೊಂಡು ಸುತ್ತಲೂ ಅಂಚು ಮುರಿಯುತ್ತಾ ಬರ್ತಾರೆ. ಬಿಳ್ಳೆಯಷ್ಟು ಉಳಿದಾಗ ಕೆಳಗಿನಿಂದ ಇನ್ನೊಂದು ರೊಟ್ಟಿ ಸೇರಿಸಿಕೊಳ್ತಾರೆ. ಮಾತು ನಿಲ್ಲಲ್ಲ, ಕೈಯೂ ನಿಲ್ಲಲ್ಲ.

"ಪಲ್ಲೆ ಬೇಕೇನವಾ?" ಅಂತ ಬುಟ್ಟಿಯ ತಾಯಿ ಕೇಳಿದರು. ಮಡಕಿ ಕಾಳು ಚೆನ್ನಾಗಿತ್ತು. "ಹಾಕಿ ಹಾಕಿ" ಅಂದೆ. ಒಂದು ಹಿಡಿ ಹಸಿ ಸೊಪ್ಪು ತಂದು ರೊಟ್ಟಿ ಮೇಲೆ ಇಟ್ಟರು. ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಹಕ್ಕರಿಕಿ, ಮೆಂತ್ಯ, ಎರಡು ಉಳ್ಳಾಗಡ್ಡಿ ತಪ್ಪಲು. "ಪಲ್ಯ ಅಂದಿರಲ್ವಾ?" ಅಂದೆ. "ಇದು ಪಲ್ಲೇನ ಅಲ್ಲೇನು ಮತ್ತ?" ಅಂತ ನನ್ನನ್ನೇ ನೋಡಿದರು.

ನಮ್ಮ ಕಡೆ ಒಲೆ ಮೇಲೆ ಒಗ್ಗರಣೆ ಕಂಡಮೇಲೆ ತಾನೇ ಪಲ್ಯ ಅನ್ನಿಸಿಕೊಳ್ಳೋದು. ಇಲ್ಲಿ ಹೊಲದಲ್ಲಿದ್ದರೂ ಪಲ್ಯ, ಸಂತೆಗೆ ಬಂದರೆ ಕಾಯಿಪಲ್ಯ, ಬೆಂದರೂ ಪಲ್ಯ. ಈ ಮಾತಿನ ಲೆಕ್ಕದಲ್ಲಿ ನೋಡಿದರೆ ಪಲ್ಲೇದ ಹಬ್ಬದ 108 ಅಷ್ಟೇನೂ ಜಾಸ್ತಿ ಅನ್ನಿಸಲಿಲ್ಲ. ಅಕ್ಕ ಎಣಿಸಿದ 43ರಲ್ಲಿ ಹಕ್ಕರಿಕಿ ಬಿಟ್ಟುಹೋಗಿತ್ತು ಅಂತ ನೆನಪಿಸಿದೆ. "44 ಆತು" ಅಂದರು.

ಹಕ್ಕರಿಕಿ ಸ್ವಲ್ಪ ಕಹಿ. ಶೇಂಗಾ ಹಿಂಡಿಗೆ ಅದ್ದಿ ತಿಂದರೆ ಕಹಿ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಕೆಂಪು ಚಟ್ನಿ ಬೇರೆಯೇ ವಿಷಯ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಅಷ್ಟೇ. ಕಣ್ಣಲ್ಲಿ ನೀರು ಬಂದು ನಾನು ದೇವಿಯ ಹೆಸರು ಹೇಳುವಷ್ಟರಲ್ಲಿ ಆ ತಾಯಿ ಒಂದು ಸಣ್ಣ ಮಣ್ಣಿನ ಕುಡಿಕೆ ತೆಗೆದು ಬೋರಲು ಹಾಕಿದರು. ಮೊಸರು! ಬೀಳಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಿ ತೋರಿಸಿದರು. ಆಗಲೂ ಬೀಳಲಿಲ್ಲ. ನಾನು ಉರಿಯಲ್ಲಿ ಸಾಯ್ತಿದ್ದೇನೆ, ಇವರಿಗೆ ಪ್ರದರ್ಶನ. ಕಡಕ್ ರೊಟ್ಟಿ ಮುರಿದು ಆ ಕೆನೆ ಮೊಸರನ್ನು ಚಮಚದ ಹಾಗೆ ತೋಡಿಕೊಂಡು ತಿಂದೆ. ಇವತ್ತಿನ ಊಟದಲ್ಲಿ ಒಂದೇ ಒಂದು ಮತ್ತೆ ಸಿಗುತ್ತೆ ಅಂದರೆ ಅದನ್ನೇ ಕೇಳ್ತೀನಿ. ಕೊನೆಗೆ ಒಂದು ಹಿಡಿ ಮಾದ್ಲಿ ಕೊಟ್ಟರು. ಸಿಹಿ ನನಗೆ ಹೆಚ್ಚಾಯ್ತು, ಅಕ್ಕನಿಗೆ ಸಾಲಲಿಲ್ಲ.

ಸಂಜೆ ಬಾದಾಮಿಯ ಗುಹೆ ಹತ್ತಿದೆವು. ಹೊಟ್ಟೆ ಭಾರ, ಮೆಟ್ಟಿಲು ಜಾಸ್ತಿ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಹಾಕಿಸಿದ 578ರ ಶಾಸನ ಇದೆ. ಅಲ್ಲಿ ಶಾಸನಕ್ಕಿಂತ ತಣ್ಣನೆ ಕಲ್ಲು ನನಗೆ ಹಿಡಿಸಿತು. ಕೆಳಗೆ ಅಗಸ್ತ್ಯ ತೀರ್ಥ. ಈ ಊರಿನ ಹಳೇ ಹೆಸರು ವಾತಾಪಿ. ಚಿಕ್ಕವಳಿದ್ದಾಗ ಜಾಸ್ತಿ ತಿಂದರೆ ಅಜ್ಜಿ ಹೊಟ್ಟೆ ಸವರಿ "ವಾತಾಪಿ ಜೀರ್ಣೋ ಭವ" ಅನ್ನುತ್ತಿದ್ದರು. ಆ ಕಥೆಯಲ್ಲಿ ಅಗಸ್ತ್ಯರಿಗೆ ಬಡಿಸಿದ್ದು ಆಡಿನ ಮಾಂಸ. ಇರಲಿ, ಎಣಗಾಯಿಗೂ ಮಂತ್ರ ಕೆಲಸ ಮಾಡುತ್ತೆ ಅಂದುಕೊಂಡು ನಾನೇ ಹೊಟ್ಟೆ ಸವರಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಂದು ಮಂಗ ಬಂದು, ಮನೆಗೆ ಅಂತ ಕಟ್ಟಿಸಿಕೊಂಡಿದ್ದ ಆರು ಕಡಕ್ ರೊಟ್ಟಿ ಹೊತ್ತುಕೊಂಡು ಹೋಯ್ತು. ಬಂಡೆ ಮೇಲೆ ಕೂತು ಅಂಚಿನಿಂದಲೇ ಮುರಿದು ತಿನ್ನುತ್ತಿತ್ತು. "ನೋಡ, ಅದಕ್ಕ ಗೊತ್ತೈತಿ" ಅಂದರು ಅಕ್ಕ.

ಹಿಂಡಿ ಮಾತ್ರ ಪರ್ಸಿನಲ್ಲಿ ಇತ್ತು, ಉಳಿಯಿತು. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ, ಬನಶಂಕರಿಯಿಂದ ಅರ್ಧ ಕೆಜಿ ಹಿಂಡಿ ತಂದಿದ್ದೀನಿ, ಊರಿಗೆ ಬರುವಾಗ ತರ್ತೀನಿ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮೂರಲ್ಲಿ ಹಿಂಡಿ ಅಂದರೆ ಹಸುವಿಗೆ ಇಡೋದು.

"ಅರ್ಧ ಕೆಜಿ ಒಂದೊತ್ತಿಗೂ ಸಾಲಲ್ವಲ್ಲೇ" ಅಂದರು.