ಸ್ಟ್ರಾಬೆರಿ ಜಾಮಿಗೆ ಒಂದು ಬೊಗಸೆ ಗುಲಾಬಿ

ಹೂವು ಹಾಕಿದ ಜಾಮ್ ಅಂದ್ರೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ. ಬಾಟಲಿಯ ಮೇಲೆ ಎರಡು ಎಸಳು ಉದುರಿಸಿ ಫೋಟೋ ತೆಗೆಯುವವರೇ ಜಾಸ್ತಿ. ತಿಂದರೆ ಬರೀ ಸಕ್ಕರೆ, ಹೂವಿನ ಸುಳಿವೇ ಇಲ್ಲ. ಇಲ್ಲವೇ ಎಸೆನ್ಸ್ ಸುರಿದು ಸೋಪು ತಿಂದ ಹಾಗೆ ಮಾಡಿರುತ್ತಾರೆ. ಹಾಗಾಗಿ ಈ ಬೇಸಿಗೆಯಲ್ಲಿ ಸ್ಟ್ರಾಬೆರಿಗೆ ಗುಲಾಬಿ ಸೇರಿಸಿ ಜಾಮ್ ಮಾಡಲು ಹೊರಟಾಗ ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಎಸೆನ್ಸ್ ಬೇಡ, ಬಣ್ಣವೂ ಬೇಡ. ಹೂವು ಇದ್ದರೆ ಅದು ರುಚಿಯಲ್ಲಿ ಗೊತ್ತಾಗಬೇಕು.

ಹೂವು ಮನೆಯ ಕುಂಡದ್ದೇ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಹೂವಿನಂಗಡಿಯ ಗುಲಾಬಿ ಬೆಳೆಸಿದ್ದು ನೋಡಲಿಕ್ಕೆ, ತಿನ್ನಲಿಕ್ಕಲ್ಲ. ಅದಕ್ಕೆ ಹೊಡೆದ ಔಷಧಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದೂ ಅಲ್ಲದೆ ಆ ಹೂಗಳಲ್ಲಿ ಎಷ್ಟಕ್ಕೋ ಪರಿಮಳವೇ ಇರುವುದಿಲ್ಲ. ಬೇಗ ಬಾಡದಿರಲಿ ಅಂತ ಆರಿಸಿದ ತಳಿಗಳು ಅವು. ಮೂಗಿಗೆ ಸಿಗದ ಗುಲಾಬಿ ಜಾಮಿನಲ್ಲೂ ಸಿಗುವುದಿಲ್ಲ. ನಮ್ಮ ಕುಂಡದಲ್ಲಿರುವುದು ಡಮಾಸ್ಕ್ ಗುಲಾಬಿ, ಪನ್ನೀರು ತೆಗೆಯುವ ಜಾತಿ. ಹೂವು ಚಿಕ್ಕದು, ಎಸಳು ತೆಳು, ಘಮ ಮಾತ್ರ ಜೋರು.

ಹಿಂದಿನ ರಾತ್ರಿಯೇ ಹಣ್ಣಿನ ಕೆಲಸ ಮುಗಿಸಿದ್ದೆ. ಒಂದು ಕಿಲೋ ಸ್ಟ್ರಾಬೆರಿ ತೊಳೆದು, ಒರೆಸಿ, ಆಮೇಲೆ ತೊಟ್ಟು ತೆಗೆದೆ. ತೊಟ್ಟು ಮೊದಲೇ ತೆಗೆದರೆ ಹಣ್ಣು ನೀರು ಕುಡಿಯುತ್ತದೆ. ದೊಡ್ಡವನ್ನು ಎರಡು ಹೋಳು ಮಾಡಿ, ಚಿಕ್ಕವನ್ನು ಹಾಗೇ ಬಿಟ್ಟೆ. 750 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ ಸೇರಿಸಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಹಣ್ಣು ಆರಿಸುವಾಗ ನಾಲ್ಕರಲ್ಲಿ ಒಂದು ಪಾಲು ಸ್ವಲ್ಪ ಕಸುಗಾಯಿಯೇ ಇರಲಿ ಅಂತ ನೋಡಿದ್ದೆ. ಜಾಮ್ ಗಟ್ಟಿಯಾಗುವುದು ಹಣ್ಣಿನಲ್ಲಿರುವ ಪೆಕ್ಟಿನ್‌ನಿಂದ. ಸ್ಟ್ರಾಬೆರಿಯಲ್ಲಿ ಅದು ಮೊದಲೇ ಕಡಿಮೆ, ಪೂರ್ತಿ ಹಣ್ಣಾದರೆ ಇನ್ನೂ ಕಡಿಮೆ. ಸೇಬು, ಹುಳಿ ಪ್ಲಮ್ ಆಗಿದ್ದರೆ ಈ ತಲೆನೋವು ಇಲ್ಲ.

ಬೆಳಿಗ್ಗೆ ನೋಡಿದರೆ ಸಕ್ಕರೆ ಹಣ್ಣಿನ ನೀರನ್ನೆಲ್ಲ ಹೊರಗೆಳೆದು ಪಾತ್ರೆ ತುಂಬ ಕೆಂಪು ಪಾಕ. ಹಣ್ಣು ಸುಕ್ಕಾಗಿ ಮೇಲೆ ತೇಲುತ್ತಿತ್ತು. ಹೀಗೆ ನೆನೆಸಿದ ಹಣ್ಣು ಕುದಿಯುವಾಗ ಬೇಗ ಕರಗಿಹೋಗುವುದಿಲ್ಲ, ಬಾಯಿಗೆ ಹೋಳು ಹೋಳಾಗಿಯೇ ಸಿಗುತ್ತದೆ. ನನಗೆ ಜಾಮ್ ಅಂದ್ರೆ ಹಾಗೇ ಇರಬೇಕು. ನುಣ್ಣಗೆ ಅರೆದ ಹಾಗಿರುವುದು ಸೇರುವುದಿಲ್ಲ.

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಹೂವು ಕಿತ್ತೆ. ಬಿಸಿಲು ಬಡಿದರೆ ಅರ್ಧ ಪರಿಮಳ ಗಾಳಿಗೆ ಹೋಗುತ್ತದೆ. ಎಸಳುಗಳನ್ನೆಲ್ಲ ಒಟ್ಟಿಗೆ ಹಿಡಿದು ಎಳೆದರೆ ಗೊಂಚಲಾಗಿ ಬರುತ್ತವೆ. ಬುಡದಲ್ಲಿ ಬಿಳಿ ಭಾಗ ಇರುತ್ತದಲ್ಲ, ಅದು ಕಹಿ. ಗೊಂಚಲು ಹಿಡಿದುಕೊಂಡೇ ಕತ್ತರಿಯಿಂದ ಒಂದೇ ಸಲಕ್ಕೆ ಕತ್ತರಿಸಿದರೆ ಆಯ್ತು. ಒಂದೊಂದೇ ಎಸಳು ಹಿಡಿದು ಕೂತರೆ ಮಧ್ಯಾಹ್ನ ಆಗುತ್ತದೆ. ಜರಡಿಯಲ್ಲಿ ಹಾಕಿ ಒದರಿದರೆ ಒಳಗೆ ಅಡಗಿದ್ದ ಸಣ್ಣ ಹುಳುಗಳೂ ಬೀಳುತ್ತವೆ. ತೂಕ ಮಾಡಿದಾಗ ಸುಮಾರು 50 ಗ್ರಾಂ. ಕೇಳಲು ಏನೂ ಅಲ್ಲ ಅನಿಸುತ್ತದೆ, ಆದರೆ ದೊಡ್ಡ ಬೋಗುಣಿ ತುಂಬಿತ್ತು.

ಅಷ್ಟೊತ್ತಿಗೆ ಅಕ್ಕ ಬಂದಳು. ಬೋಗುಣಿ ನೋಡಿ, “ಹೂವೆಲ್ಲ ತಿನ್ನಿಸಿ ನಮ್ಮನ್ನ ಆಸ್ಪತ್ರೆಗೆ ಕಳಿಸಬೇಡ ಕಣೇ” ಅಂದಳು. ಅವಳ ಹೆದರಿಕೆ ಸುಳ್ಳಲ್ಲ. ಕಣಗಿಲೆಯ ಹೂವು, ಎಲೆ, ಕೊಂಬೆ ಎಲ್ಲವೂ ವಿಷ. ದತ್ತೂರವೂ ಅಷ್ಟೇ. ತೋಟದ ಬಟಾಣಿಯ ಹೂವು ತಿನ್ನಬಹುದು, ಆದರೆ ಅದೇ ಥರ ಕಾಣುವ, ಚಂದಕ್ಕೆ ಬೆಳೆಸುವ ಸ್ವೀಟ್ ಪೀ ತಿನ್ನಬಾರದು. ಹೆಸರು ಖಚಿತವಾಗಿ ಗೊತ್ತಿಲ್ಲದ ಹೂವು ಅಡುಗೆಮನೆಯೊಳಗೆ ಬರಲೇಬಾರದು. “ಇದು ಗುಲಾಬಿ ಅಕ್ಕ, ಔಷಧಿ ಹೊಡೆಯದ್ದು” ಅಂದೆ. ಒಂದು ಎಸಳು ತೆಗೆದು ಬಾಯಿಗೆ ಹಾಕಿಕೊಂಡಳು. ಏನೂ ಹೇಳಲಿಲ್ಲ. ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು.

ಎಸಳನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಅರ್ಧ ಕಪ್ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟೆ. ಐದು ನಿಮಿಷ ಆಗಿರಬೇಕು, ಎಸಳು ಬಿಳಿಚಿಕೊಂಡು ನೀರು ಒಂಥರಾ ಮಾಸಲು ಬಣ್ಣಕ್ಕೆ ತಿರುಗಿತು. “ಇದೇನೇ, ಬಣ್ಣ ಎಲ್ಲ ಹೋಯ್ತಲ್ಲ!” ಅಂತ ಅಕ್ಕನಿಗೆ ಬೇಜಾರು. ಸುಮ್ನೆ ನೋಡ್ತಿರು ಅಂತ ಹೇಳಿ ನಿಂಬೆರಸ ಹಿಂಡಿದೆ. ಹನಿ ಬಿದ್ದ ಕಡೆ ಮೊದಲು ಒಂದು ಗುಲಾಬಿ ಬಣ್ಣದ ಚುಕ್ಕೆ. ಚಮಚ ಆಡಿಸಿದ ಕೂಡಲೇ ಪಾತ್ರೆ ಪೂರ್ತಿ ಹೊಳೆಯುವ ಕೆಂಪು. ಎಸಳಿನ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಹುಳಿ ಸಿಕ್ಕಿದರೆ ಕೆಂಪಾಗುತ್ತದೆ, ಅಷ್ಟೇ. ಗೊತ್ತಿದ್ದರೂ ಪ್ರತಿ ಸಲ ಖುಷಿಯಾಗುತ್ತದೆ. ಅಕ್ಕ ಇನ್ನೊಂದು ಹೋಳು ಹಿಂಡಲು ಕೈ ಚಾಚಿದಳು, ತಡೆದೆ.

ಉಳಿದ ಪಾಲಿಗೆ ಎರಡು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ ಹಾಕಿ ಕೈಯಲ್ಲೇ ಹಿಸುಕಿದೆ. ಮೊದಲು ಸಕ್ಕರೆ ಹರಳು ಬೆರಳಿಗೆ ಒತ್ತುತ್ತದೆ. ಆಮೇಲೆ ಎಸಳು ನೀರು ಬಿಟ್ಟು ಮೆತ್ತಗಾಗುತ್ತದೆ, ಕೈ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ದೊಡ್ಡ ರಾಶಿ ಕೊನೆಗೆ ಒಂದು ಮುಷ್ಟಿಗೆ ಇಳಿಯಿತು. ಇದನ್ನು ಮುಚ್ಚಿಟ್ಟೆ. ಇದರ ಸರದಿ ಕೊನೆಗೆ.

ಹೀಗೆ ಎರಡು ಪಾಲು ಮಾಡುವುದಕ್ಕೆ ಕಾರಣ ಇದೆ. ಗುಲಾಬಿಯ ಪರಿಮಳ ಒಂದೇ ವಸ್ತುವಿನದಲ್ಲ. ಅದರಲ್ಲಿ ಜೆರಾನಿಯಾಲ್, ಸಿಟ್ರೊನೆಲ್ಲಾಲ್, ಫೀನೈಲ್ ಎಥೈಲ್ ಆಲ್ಕೋಹಾಲ್ ಅಂತ ಬೇರೆ ಬೇರೆ ಇವೆ. ಕೊನೆಯದು ನೀರಿನಲ್ಲಿ ಸ್ವಲ್ಪ ಚೆನ್ನಾಗಿ ಕರಗುತ್ತದೆ, ಪನ್ನೀರಿನ ಘಮದಲ್ಲಿ ಅದರ ಪಾಲೇ ದೊಡ್ಡದು. ಆದರೆ ಎಲ್ಲವೂ ಹಬೆಯ ಜೊತೆ ಎದ್ದು ಹೋಗುವ ಜಾತಿಯವೇ. ಜಾಮ್ ಕುದಿಯುವಾಗ ಮನೆಯೆಲ್ಲ ಘಮ್ ಅಂತಿದೆ ಅಂತ ಹಿಗ್ಗುತ್ತೇವಲ್ಲ, ಅದು ಬಾಟಲಿಗೆ ಸೇರಬೇಕಿದ್ದ ಘಮ! ಮೊದಲ ಪಾಲು ಬಣ್ಣಕ್ಕೆ ಮತ್ತು ಹಣ್ಣಿನ ಜೊತೆ ಬೆರೆತ ರುಚಿಗೆ. ಎರಡನೆಯದು ಮೂಗಿಗೆ.

ಅಗಲ ಬಾಯಿಯ ದಪ್ಪ ತಳದ ಪಾತ್ರೆಗೆ ಹಣ್ಣು, ಪಾಕ, ಬೇಯಿಸಿದ ಎಸಳು, ಅದರ ನೀರು ಎಲ್ಲ ಸುರಿದೆ. ಕಿರಿದಾದ ಪಾತ್ರೆಯಾದರೆ ನೀರು ಆರಲು ತುಂಬ ಹೊತ್ತು ಬೇಕು. ಹೊತ್ತು ಜಾಸ್ತಿ ಆದಷ್ಟೂ ಪೆಕ್ಟಿನ್ ಮುರಿಯುತ್ತದೆ, ಬಣ್ಣ ಕಂದುತ್ತದೆ. ಐದು ಕಿಲೋ ಒಟ್ಟಿಗೆ ಹಾಕಿ ಮುಗಿಸೋಣ ಅನ್ನುವ ಆಸೆ ಇದಕ್ಕೇ ಒಳ್ಳೆಯದಲ್ಲ. ಸಕ್ಕರೆ ಪೂರ್ತಿ ಕರಗುವ ತನಕ ಸಣ್ಣ ಉರಿ, ಆಮೇಲೆ ದೊಡ್ಡ ಉರಿ. ನೊರೆ ಎದ್ದು ಅಂಚಿನ ತನಕ ಬಂತು. ಅಕ್ಕ ಉದ್ದ ಸೌಟಿನಿಂದ ನೊರೆ ತೆಗೆದು ಒಂದು ಬಟ್ಟಲಿಗೆ ಹಾಕುತ್ತಾ, ನಡುನಡುವೆ ಬಟ್ಟಲಿಗೆ ಬೆರಳು ಅದ್ದುತ್ತಿದ್ದಳು.

ಹದಿನೈದು ನಿಮಿಷ ಕಳೆದ ಮೇಲೆ ಗುಳ್ಳೆಯ ನಡತೆ ಬದಲಾಗುತ್ತದೆ. ಸಣ್ಣ ಸಣ್ಣ ನೊರೆಗುಳ್ಳೆ ಹೋಗಿ ದೊಡ್ಡ, ಹೊಳಪಿನ, ಸೋಮಾರಿ ಗುಳ್ಳೆ ಬರುತ್ತವೆ. ಸದ್ದು ಕೂಡ ಬೇರೆ, ಬುಳುಕ್ ಬುಳುಕ್ ಅಂತ. ಥರ್ಮಾಮೀಟರ್ ಇದ್ದವರಿಗೆ 104 ಅಥವಾ 105 ಡಿಗ್ರಿ ಸೆಲ್ಸಿಯಸ್. ಎತ್ತರದ ಜಾಗದಲ್ಲಿ ನೀರು ನೂರಕ್ಕಿಂತ ಕಡಿಮೆಗೇ ಕುದಿಯುತ್ತದೆ. ಅಲ್ಲಿ ಮೊದಲು ಬರೀ ನೀರು ಕುದಿಸಿ ನೋಡಿ, ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಅಂತ ಲೆಕ್ಕ ಹಾಕಬೇಕು. ನನಗೆ ತಟ್ಟೆಯ ಪರೀಕ್ಷೆಯ ಮೇಲೇ ನಂಬಿಕೆ. ಫ್ರೀಜರ್‌ನಲ್ಲಿ ಇಟ್ಟಿದ್ದ ತಟ್ಟೆಗೆ ಒಂದು ಹನಿ ಬಿಟ್ಟು, ತಣ್ಣಗಾದ ಮೇಲೆ ಬೆರಳಿನಿಂದ ತಳ್ಳಬೇಕು. ಮೇಲ್ಪದರ ಸುಕ್ಕುಗಟ್ಟಿದರೆ ಹದ ಬಂತು. ನೋಡುವಷ್ಟು ಹೊತ್ತು ಒಲೆ ಆರಿಸಲೇಬೇಕು, ಇಲ್ಲದಿದ್ದರೆ ಅಷ್ಟರಲ್ಲೇ ಹದ ಮೀರುತ್ತದೆ. ಮೊದಲ ಹನಿ ಓಡಿಹೋಯಿತು. ಇನ್ನೆರಡು ನಿಮಿಷ ಕುದಿಸಿದ ಮೇಲೆ ಸುಕ್ಕು ಬಂತು, ತೆಳ್ಳಗೆ. ನನಗೆ ಅಷ್ಟು ಸಾಕು. ತಣ್ಣಗಾದಂತೆ ಇನ್ನೂ ಬಿಗಿಯುತ್ತದೆ.

ಒಲೆ ಆರಿಸಿ, ಹಿಸುಕಿಟ್ಟ ಎಸಳು ಹಾಕಿ ಕಲಸಿದೆ. ಕೂಡಲೇ ಬಾಟಲಿಗೆ ತುಂಬಲಿಲ್ಲ. ತೀರಾ ನೀರಾಗಿರುವಾಗ ತುಂಬಿದರೆ ಎಸಳು, ಹಣ್ಣು ಎಲ್ಲ ಮೇಲೆ ಬಂದು ಕೂರುತ್ತವೆ, ಕೆಳಗೆ ಬರೀ ಪಾಕ. ಐದಾರು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿದಾಗ ಎಸಳು ನಿಂತಲ್ಲೇ ನಿಂತಿತು. ಬಾಟಲಿಗಳು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇದ್ದು ಬಿಸಿಯಾಗಿಯೇ ಇದ್ದವು. ಬಿಸಿ ಜಾಮ್ ಬಿಸಿ ಬಾಟಲಿಗೆ, ಬಾಯಿ ಒರೆಸಿ ಮುಚ್ಚಳ. ನಾಲ್ಕು ಬಾಟಲಿ ತುಂಬಿ ಒಂದು ಬಟ್ಟಲು ಉಳಿಯಿತು.

ಬಿಸಿಯಲ್ಲಿ ರುಚಿ ನೋಡಿದರೆ ಸ್ಟ್ರಾಬೆರಿಯೇ ಸ್ಟ್ರಾಬೆರಿ. ಅಕ್ಕ ನನ್ನ ಮುಖ ನೋಡಿದಳು. ಮಾರನೇ ದಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮೇಲೆ ಜಾಮ್ ಹಾಕಿ ಕೊಟ್ಟೆ. ಮೊದಲು ಹಣ್ಣಿನ ಹುಳಿಸಿಹಿ ಬಂತು. ನುಂಗಿದ ಮೇಲೆ ಗಂಟಲಿನ ಹಿಂದಿನಿಂದ ನಿಧಾನವಾಗಿ ಗುಲಾಬಿ. ಕೊನೆಗೆ ಹಾಕಿದ ಎಸಳು ಹಲ್ಲಿಗೆ ಸ್ವಲ್ಪ ಜಗಿಯಲು ಸಿಗುತ್ತದೆ. ನನಗೆ ಅದು ಇಷ್ಟ. ಅಕ್ಕನಿಗೆ ಇಷ್ಟ ಆಗಲಿಲ್ಲ, “ಮುಂದಿನ ಸಲ ಇದನ್ನ ಸಣ್ಣಗೆ ಹೆಚ್ಚಿ ಹಾಕು” ಅಂದಳು. ಮುಂದಿನ ಸಲ ಏಪ್ರಿಕಾಟ್ ಮತ್ತು ಲ್ಯಾವೆಂಡರ್ ಅಂತ ಹೇಳಿದೆ. ಲ್ಯಾವೆಂಡರ್ ಹೂವು ಹಾಗೇ ಬಿಟ್ಟರೆ ಬೇರೆ ಯಾವ ರುಚಿಯನ್ನೂ ಉಳಿಸುವುದಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಯುವಾಗ ಸ್ವಲ್ಪ ಹೊತ್ತು ಇಳಿಬಿಟ್ಟು ತೆಗೆಯಬೇಕು. “ಹಾಗಾದ್ರೆ ಜಗಿಯೋಕೆ ಏನೂ ಸಿಗಲ್ಲ ಅಲ್ವಾ? ಅದೇ ಮಾಡು” ಅಂತ ಹೇಳಿ, ನಾಲ್ಕರಲ್ಲಿ ಎರಡು ಬಾಟಲಿ ಚೀಲಕ್ಕೆ ಹಾಕಿಕೊಂಡು ಹೋದಳು.