ಡಬ್ಬಿಯಿಲ್ಲದ ಸ್ಪ್ರೇ

ಫೋಟೋಶಾಪ್‌ನಲ್ಲಿ ಸ್ಪ್ರೇ ಪೇಂಟ್ ಬೇಕು ಅಂದ ಕೂಡಲೇ ರೆಡಿ ಬ್ರಷ್ ಹುಡುಕಬೇಡಿ. ಬಿಳಿ ಲೇಯರ್, ಕಪ್ಪು ಬಣ್ಣ, ಹಾರ್ಡ್‌ನೆಸ್ 0 ಇರುವ, ಅಂದರೆ ಅಂಚು ಮೆದುವಾದ ದುಂಡು ಬ್ರಷ್, ಅದರ ಮೋಡ್ ಡಿಸಾಲ್ವ್. ಎಳೆದರೆ ನಡುವೆ ದಟ್ಟ, ಅಂಚಿಗೆ ರಂಗೋಲಿ ಪುಡಿ ಉದುರಿದ ಹಾಗೆ ಚುಕ್ಕಿ. ಎಡವೋದು ಇಲ್ಲೇ: ಪ್ರತಿ ಚುಕ್ಕಿ ಒಂದೇ ಪಿಕ್ಸೆಲ್, 300 ಡಿಪಿಐ (ಇಂಚಿಗೆ 300 ಚುಕ್ಕಿ) ಪ್ರಿಂಟಲ್ಲಿ ಬರೀ ಮಬ್ಬು. ಅದಕ್ಕೇ ಚಿತ್ರ ಮಸುಕು ಮಾಡುವ ಗಾಸಿಯನ್ ಬ್ಲರ್ 1 ಪಿಕ್ಸೆಲ್ ಕೊಟ್ಟು, ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪು ಬಿಳಿ ಸ್ಲೈಡರ್‌ಗಳನ್ನು ಹತ್ತಿರ ತನ್ನಿ. ಚುಕ್ಕಿಗಳು ಅಂಟಿಕೊಂಡು ಕಾಳಾಗುತ್ತವೆ. ಒಂಟಿ ಚುಕ್ಕಿ ಅಳಿಸಿಹೋದರೆ ಎರಡೂ ಸ್ಲೈಡರ್‌ಗಳನ್ನು ಬಲಕ್ಕೆ ಸರಿಸಿ. ಇನ್ವರ್ಟ್ ಮಾಡಿ (ಕಪ್ಪು ಬಿಳಿ ಅದಲುಬದಲು) ಬಣ್ಣದ ಲೇಯರಿನ ಮಾಸ್ಕ್‌ಗೆ ಅಂಟಿಸಿ; ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಮಾತ್ರ ಬಣ್ಣ ಕಾಣುತ್ತದೆ.

ಕೊನೆಗೆ ನಾಲ್ಕೈದು ದಪ್ಪ ಹನಿ. ನಿಜವಾದ ಡಬ್ಬಿಯ ಮೂತಿ ಕಟ್ಟಿಕೊಂಡಾಗ ಉಗುಳುವ, ಪೇಂಟರ್ ಬೈಕೊಂಡು ಒರೆಸುವ ಆ ಹನಿಯನ್ನೇ ಇಲ್ಲಿ ಝೂಮ್ ಮಾಡಿ ಕೂರಿಸಬೇಕು, ತಮಾಷೆ ನೋಡಿ.